ಮೇಳಕ್ಕೆ ಹೋದ ಮಿಡಿ

ಮೇಳದಲ್ಲಿ ದುಡ್ಡಾಗುವುದು ಮೂವರಿಗೆ. ಪೆಂಡಾಲು ಹಾಕಿದವನಿಗೆ, ಗೋಬಿ ಮಂಚೂರಿಯವನಿಗೆ, ಕೊರಳಿಗೆ ಮೈಕು ಸಿಕ್ಕಿಸಿಕೊಂಡು ತರಕಾರಿ ಹೆಚ್ಚಿ ತೋರಿಸುವ ಆ ಮಹಾನುಭಾವನಿಗೆ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಅಪ್ಪಣೆ ಹೊರಡಿಸಿದಾಗ, ಪಾಪ, ಇವನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಬಣ್ಣ ಹೋಯಿತು, ಜನರ ಸಾಲು ಹೋಗಲಿಲ್ಲ. ತರಕಾರಿಯವನದಂತೂ ಪವಾಡವೇ. ಅವನ ಕೈಯಲ್ಲಿ ಈರುಳ್ಳಿ ಯಾರನ್ನೂ ಅಳಿಸದೆ ಹೋಳಾಗುತ್ತದೆ, ಕ್ಯಾರೆಟ್ಟು ಹೂವಾಗುತ್ತದೆ. ಅದೇ ಯಂತ್ರ ನಮ್ಮ ಮನೆಗೆ ಬಂದ ಮೇಲೆ ಬೆರಳನ್ನಷ್ಟೇ ಹೆಚ್ಚುತ್ತದೆ.

ಈ ಮೂವರ ಪಟ್ಟಿಯಲ್ಲಿ ಉಪ್ಪಿನಕಾಯಿಯವರಿಲ್ಲ. ಇಲ್ಲವೆಂದು ಗೊತ್ತಿದ್ದೂ ನಾನೂ ನನ್ನ ಅತ್ತಿಗೆಯೂ ಹೋಗುತ್ತೇವೆ. ಅತ್ತಿಗೆ ಶಿರಸಿ ಕಡೆಯ ಹಳ್ಳಿಯಲ್ಲಿ ಅಪ್ಪೆಮಿಡಿ ಹಾಕುವವಳು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು; ಹಾಗಾಗಿ ಗಲ್ಲಾಪೆಟ್ಟಿಗೆ ನನ್ನ ಕೈಗೆ ಬಂತು. ಪೆಟ್ಟಿಗೆ ಎಂದರೆ ಹಳೆಯ ಬಿಸ್ಕತ್ತಿನ ಡಬ್ಬಿ. ಈಗ ಅದೂ ಖಾಲಿ, ಎಲ್ಲರೂ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಹಾಕಿದರೋ ಇಲ್ಲವೋ ಎಂದು ನಾನು ಕನ್ನಡಕ ಹುಡುಕಿ ನೋಡುವಷ್ಟರಲ್ಲಿ ಅವರು ಪೆಂಡಾಲು ದಾಟಿರುತ್ತಾರೆ.

ಮಿಡಿಯ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಲೆನಾಡಿನ ಹೊಳೆದಂಡೆಗಳಲ್ಲಿ, ಅಘನಾಶಿನಿಯ ಆಚೆ ಈಚೆ, ಯಾರೂ ನೆಡದೆ ಬೆಳೆದ ಮಾವಿನ ಮರಗಳಿವೆ. ಒಂದೊಂದು ಮರದ್ದೂ ಒಂದೊಂದು ಪರಿಮಳ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಅಪ್ಪೆ ಎಂದು ಮರಗಳಿಗೇ ಹೆಸರು. ಶಿವರಾತ್ರಿಯ ಹಿಂದುಮುಂದು, ಗೊರಟು ಬಲಿಯುವ ಮೊದಲೇ, ತೊಟ್ಟು ಮುರಿಯದಂತೆ ಕೊಯ್ಯಬೇಕು. ತೊಟ್ಟಿನ ಬುಡದ ಸೊನೆಯಲ್ಲೇ ಘಮ ಇರುವುದು. ಆಮೇಲೆ ಹರಳುಪ್ಪಿನಲ್ಲಿ ವಾರಗಟ್ಟಲೆ ಮುಳುಗಿಸಿ, ಮಿಡಿ ಚಿರುಟಿಕೊಂಡ ಮೇಲೆ ಸಾಸಿವೆ, ಮೆಣಸು, ಅರಿಶಿನ ಕಡೆದು ಸೇರಿಸುವುದು. ಎಣ್ಣೆ ಇಲ್ಲ. ಬರಣಿಯ ಬಾಯಿ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಇದಕ್ಕೆ ಜಿಐ ಮಾನ್ಯತೆಯೂ ಇದೆ. ಆ ಸುದ್ದಿ ಹೇಳಿದಾಗ ಅತ್ತಿಗೆ ಕೇಳಿದ್ದು ಒಂದೇ: "ಅದ್ರಿಂದ ಮಂಗ ಬಪ್ಪದು ಕಮ್ಮಿ ಆಗ್ತಾ?"

ಅಣ್ಣ ಇದ್ದಷ್ಟು ಕಾಲ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಮಾರುವ ಮಾತೇ ಇರಲಿಲ್ಲ. ನೆಂಟರು ಹೊರಡುವಾಗ ಕಟ್ಟಿಕೊಡುವುದು, ಅಷ್ಟೇ. ಯಾವ ಮರ ಈ ವರ್ಷ ಬಿಟ್ಟಿದೆ, ಯಾವುದು ಮುನಿಸಿಕೊಂಡಿದೆ ಎಂಬುದು ಅವನಿಗೆ ಊರಿನವರ ಆರೋಗ್ಯದಷ್ಟೇ ಬಾಯಿಪಾಠ. ಅವನು ಹೋದ ಮೇಲೆ ಅಡಿಕೆಗೆ ಕೊಳೆ, ತೋಟಕ್ಕೆ ಆಳಿಲ್ಲ. ಅತ್ತಿಗೆ ಅಟ್ಟದಿಂದ ಬರಣಿ ಇಳಿಸಿದಳು. ಮಾರುವುದೇ ಆದಮೇಲೆ ಬೆಂಗಳೂರಿನಲ್ಲೇ ಮಾರಿ ಎಂದು ಎಲ್ಲರೂ ಹೇಳಿದರು. ಹೇಳಿದವರಲ್ಲಿ ಯಾರೂ ಮಾರಿದವರಲ್ಲ.

ಮಳಿಗೆ ಎಂದರೆ 3 ಮೀಟರಿಗೆ 3 ಮೀಟರು, ಮೂರು ಕಡೆ ಬಿಳಿ ಹಲಗೆ, ನೆತ್ತಿಯ ಮೇಲೆ ಬೋರ್ಡು. ನಮ್ಮ ಬೋರ್ಡಿನಲ್ಲಿ 'ಗೃಹೋದ್ಯಮ' ಎಂದಿರಬೇಕಾದಲ್ಲಿ 'ಗೃಹೋಪಯೋಗಿ' ಎಂದಾಗಿತ್ತು. ಬೆಳಗಿನಿಂದ ಬಂದವರೆಲ್ಲ ಕುಕ್ಕರಿನ ಗ್ಯಾಸ್ಕೆಟ್ ಕೇಳಿದರು. ಸಂಜೆಯ ಹೊತ್ತಿಗೆ ಅತ್ತಿಗೆಗೆ ಗ್ಯಾಸ್ಕೆಟ್ಟಿನ ಅಳತೆಗಳು ಬಾಯಿಗೆ ಬಂದಿದ್ದವು. ತಿದ್ದಿಕೊಡಿ ಎಂದು ಕಚೇರಿಗೆ ಹೋದರೆ, ಹೊಸ ಬೋರ್ಡಿಗೆ ಬೇರೆ ಚಾರ್ಜು ಎಂದರು.

ರುಚಿ ತೋರಿಸುವುದು ಇನ್ನೊಂದು ಸಂಕಟ. ಹಲ್ವದವನು ಚೂರು ಮಾಡಿ ಕಡ್ಡಿಗೆ ಚುಚ್ಚಿ ಕೊಡುತ್ತಾನೆ, ಚಟ್ನಿಪುಡಿಯವನು ಅಂಗೈಗೆ ಚಿಟಿಕೆ ಹಾಕುತ್ತಾನೆ. ಮಿಡಿಯನ್ನು ಹಾಗೆ ಹೋಳು ಮಾಡಲಿಕ್ಕೆ ಬರುವುದಿಲ್ಲ. ಇಡಿಯಾಗಿ ಕಚ್ಚಿದರೇ ಅದು ಮಿಡಿ. ಹೀಗೆ ರುಚಿಗೇ ಒಂದು ಬರಣಿ ಮುಗಿಯಿತು. ಒಬ್ಬ ಮಹನೀಯರು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಬಂದು, ಚೀಲದಿಂದ ಮೊಸರನ್ನದ ಡಬ್ಬಿ ತೆಗೆದು, ನಮ್ಮ ಮೇಜಿನ ಮೂಲೆಯಲ್ಲೇ ಬಿಚ್ಚಿ, "ರುಚಿಗೊಂದು ಹಾಕಿ ತಾಯಿ" ಎಂದರು. ಅತ್ತಿಗೆ ಎರಡು ಹಾಕಿದಳು. ಮರುದಿನವೂ ಬಂದರು. ಕೊಂಡದ್ದು ಇಲ್ಲ. ನಾನು ಮುಖ ಗಂಟು ಹಾಕಿದರೆ ಅತ್ತಿಗೆ ಅಂದಳು: "ಇರಲಿ ಬಿಡೆ. ಇಷ್ಟು ಜನ್ರಲ್ಲಿ ಅದನ್ನ ಹ್ಯಾಂಗೆ ತಿನ್ನವು ಹೇಳಿ ಗೊತ್ತಿಪ್ಪದು ಅವಂಗೊಬ್ಬಂಗೇಯ."

ಬಾಕಿಯವರಿಗೆ ಪ್ರಶ್ನೆಗಳಿದ್ದವು. ಎಣ್ಣೆ ಯಾಕಿಲ್ಲ? ಎಣ್ಣೆ ಇಲ್ಲದಿದ್ದರೂ ಇಷ್ಟು ರೇಟಾ? ಆನ್‌ಲೈನಿನಲ್ಲಿ ಸಿಗುತ್ತಾ, ಅಲ್ಲಿ ಡಿಸ್ಕೌಂಟ್ ಇದೆಯಾ? ಕೆಲವರು "ನಮ್ಮಜ್ಜಿ ಹಾಕ್ತಿದ್ರು" ಎಂದು ಕಣ್ಣೊರೆಸಿಕೊಂಡರು. ಅಜ್ಜಿ ನೆನಪಾದವರು ಕೊಳ್ಳುವುದಿಲ್ಲ, ಇದು ನಾನು ಕಂಡುಕೊಂಡ ಪ್ರಮೇಯ. ಅಜ್ಜಿಯದರಷ್ಟು ಚೆನ್ನಾಗಿರುವುದಿಲ್ಲ ಎಂದು ಅವರಿಗೆ ಮೊದಲೇ ಖಾತ್ರಿಯಾಗಿರುತ್ತದೆ. ಅಪವಾದಕ್ಕೊಬ್ಬರು ಸಿಕ್ಕಿದರು. ಸಿದ್ದಾಪುರದ ಕಡೆಯವರಂತೆ, ಮಗನ ಮನೆ ಬನಶಂಕರಿಯಲ್ಲಿ. ಬರಣಿಯ ಮುಚ್ಚಳ ತೆಗೆಸಿ, ಕಣ್ಣು ಮುಚ್ಚಿ ಮೂಸಿ, "ಇದು ಹೊಳೆ ಬದಿಯ ಮರದ್ದು" ಎಂದರು. ಕಾಲು ಕೆಜಿ ಕಟ್ಟಿಸಿಕೊಂಡರು. ಬಿಪಿಯಂತೆ, ಉಪ್ಪು ತಿನ್ನುವ ಹಾಗಿಲ್ಲವಂತೆ. "ಮೂಸಿದ್ರೆ ಬಿಪಿ ಏರೂದಿಲ್ಲ ಅಲ್ವಾ?" ಎಂದು ನನ್ನನ್ನೇ ಕೇಳಿದರು. ಗಣಿತದ ಟೀಚರು ಏನು ಹೇಳಿಯಾಳು?

ಮೇಳದಲ್ಲಿ ಎಲ್ಲರೂ ಕಾಯುವುದು ದೊಡ್ಡ ಆರ್ಡರಿಗಾಗಿ. ಚಿಲ್ಲರೆ ಮಾರಾಟ ಬಾಡಿಗೆಗೆ ಸಾಲದು, ಆದರೆ ಒಂದು ದೊಡ್ಡ ಗಿರಾಕಿ ಸಿಕ್ಕರೆ ಸಾಕು ಎನ್ನುವುದು ಮೇಳ ನಡೆಸುವವರ ಮಂತ್ರ. ನಮಗೆ ಆ ಗಿರಾಕಿಯೂ ಸಿಕ್ಕಿದ. ಕೊರಳಲ್ಲಿ ಪಟ್ಟಿ, ಪಟ್ಟಿಯ ತುದಿಗೆ ಫೋಟೋ, ವಯಸ್ಸು ನನ್ನ ಶಿಷ್ಯರ ಮಕ್ಕಳದು. ತಿಂದು ನೋಡಿ, "ಆಂಟಿ, ಸೂಪರ್. ತಿಂಗಳಿಗೆ ಇನ್ನೂರು ಕೆಜಿ ಕೊಡ್ತೀರಾ?" ಎಂದ.

ಅತ್ತಿಗೆ, "ಮರವನ್ನ ಕೇಳಬೇಕು" ಎಂದಳು.

ಅವನು ಮರ ಎಂಬವರು ಯಾರೋ ಪಾಲುದಾರರು ಅಂದುಕೊಂಡು, "ಅವರ ನಂಬರ್ ಕೊಡಿ, ನಾನೇ ಮಾತಾಡ್ತೀನಿ" ಎಂದ. ನಾನು ಬಿಡಿಸಿ ಹೇಳಿದೆ. ಮಿಡಿ ವರ್ಷಕ್ಕೊಮ್ಮೆ, ಅದೂ ಕೆಲವೇ ವಾರ. ಒಂದು ವರ್ಷ ಬಿಟ್ಟ ಮರ ಮರುವರ್ಷ ಬಿಟ್ಟೀತೆಂದಿಲ್ಲ. ಈಗ ನವೆಂಬರು, ಇರುವುದು ಈ ಬರಣಿಗಳಷ್ಟೆ. ಅವನು ಸಮಾಧಾನ ಹೇಳುವ ದನಿಯಲ್ಲಿ, "ಸ್ಕೇಲ್ ಅಪ್ ಮಾಡಬೇಕು ಆಂಟಿ" ಎಂದ. ಅತ್ತಿಗೆ ನನ್ನತ್ತ ತಿರುಗಿ, ಅದೆಂತದು ಎಂದಳು. ಹೆಚ್ಚು ಮಾಡುವುದು ಎಂದೆ. "ಮರನ?" ಎಂದಳು.

ಯಂತ್ರ ಇದ್ದವನಿಗೆ ಆರ್ಡರು ಬಂದರೆ ರಾತ್ರಿ ಪಾಳಿ ಹಾಕಿಸುತ್ತಾನೆ. ನಮಗೆ ಆರ್ಡರು ಬಂದರೆ ಇಲ್ಲ ಎನ್ನುವುದನ್ನು ಮರ್ಯಾದೆಯಿಂದ ಹೇಳುವುದು ಹೇಗೆಂದು ಯೋಚಿಸಬೇಕು. ದೊಡ್ಡ ಗಿರಾಕಿಯನ್ನು ಹುಡುಕಲಿಕ್ಕೆ ದುಡ್ಡು ಕಟ್ಟಿ ಹೋಗಿ, ಸಿಕ್ಕಿದ ಮೇಲೆ ಅವನನ್ನು ವಾಪಸು ಕಳಿಸುವ ವ್ಯಾಪಾರ ಇದು. ಆದರೂ ಇಲ್ಲ ಎನ್ನುವುದೇ ಸರಿ. ಬೇಡಿಕೆ ಏರಿದ ಕಡೆಗಳಲ್ಲಿ ಮಿಡಿಯನ್ನು ಮರ ಹತ್ತಿ ಕೊಯ್ಯುವ ತಾಳ್ಮೆ ಉಳಿದಿಲ್ಲ. ಗೆಲ್ಲನ್ನೇ ಕಡಿದು ಕೆಳಗೆ ಹಾಕಿ ಆರಿಸಿಕೊಳ್ಳುತ್ತಾರೆ. ಆ ಗೆಲ್ಲು ಮತ್ತೆ ಚಿಗುರಿ ಕಾಯಿ ಬಿಡುವ ತನಕ ಇನ್ನೂರು ಕೆಜಿಯವನು ಕಾಯುತ್ತಾನೆಯೆ? ಕಸಿ ಗಿಡಗಳು ಬಂದಿವೆ ನಿಜ, ಅತ್ತಿಗೆಯೂ ಹಿತ್ತಿಲಲ್ಲಿ ನಾಲ್ಕು ನೆಟ್ಟಿದ್ದಾಳೆ. ಆದರೆ ಅವೂ ಕಾಯಿ ಬಿಡುವ ತನಕ ಕಾಯಬೇಕಲ್ಲ.

ಪಕ್ಕದ ಮಳಿಗೆ ಚನ್ನಪಟ್ಟಣದ ಆಟಿಕೆಯವರದು. ಆಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಹೊಳಪು ಕೊಟ್ಟ ಬುಗುರಿ, ಗಿಲಕಿ, ತಳ್ಳುಗಾಡಿ. ಸೊಗಸೋ ಸೊಗಸು. ಅವರಲ್ಲಿಗೆ ನಮಗಿಂತ ಹೆಚ್ಚು ಜನ ಬರುತ್ತಿದ್ದರು, ಆದರೆ ಬಂದವರೆಲ್ಲ ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು. ವ್ಯಾಪಾರ ಹೇಗೆ ಎಂದು ಕೇಳಿದೆ. "ಮಾರೋಕೆ ಎಲ್ಲಿ ಬರ್ತೀವಿ ಮೇಡಂ? ಹೋದ ವರ್ಷದ ನಮ್ಮ ಡಿಸೈನನ್ನ ಈ ವರ್ಷ ಯಾರು ಮಾಡವ್ರೆ ಅಂತ ನೋಡೋಕೆ ಬರ್ತೀವಿ" ಎಂದರು. ಹಾಗೆಂದು ನಕ್ಕು, ನನಗೊಂದು ಬುಗುರಿ ಕೊಟ್ಟು, ದುಡ್ಡು ಬೇಡವೆಂದರು. ನಾವು ಅವರಿಗೆ ಮಿಡಿ ಕಟ್ಟಿಕೊಟ್ಟೆವು. ಆ ದಿನ ಎರಡೂ ಮಳಿಗೆಗಳ ಅತಿ ದೊಡ್ಡ ವಹಿವಾಟು ಅದೇ ಇರಬೇಕು.

ಮೇಳದ ಲಾಭ ನಡೆಸುವವರಿಗೇ ಹೋಗುವುದು ಇವತ್ತಿನ ರೋಗವಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ಜಗತ್ತಿನ ವಸ್ತುಗಳನ್ನೆಲ್ಲ ಪ್ರದರ್ಶನಕ್ಕಿಟ್ಟರು. ನೋಡಲು ಬಂದವರು 60 ಲಕ್ಷ. ನಡೆಸಿದವರಿಗೆ 1,86,000 ಪೌಂಡು ಉಳಿಯಿತು. ಆ ದುಡ್ಡಿನಲ್ಲಿ ಜಾಗ ಕೊಂಡರು, ಅಲ್ಲಿ ಮ್ಯೂಸಿಯಮ್ಮುಗಳೆದ್ದವು. ಪ್ರದರ್ಶನಕ್ಕೆ ಸಾಮಾನು ಹೊತ್ತು ತಂದ ಸಣ್ಣಪುಟ್ಟ ಕಸುಬಿನವರು ಊರಿಗೆ ಹೋಗಿ ತಮ್ಮ ಮನೆಯವರಿಗೆ ಏನು ಲೆಕ್ಕ ಒಪ್ಪಿಸಿದರೋ, ಅದಕ್ಕೆ ಮ್ಯೂಸಿಯಂ ಇಲ್ಲ.

ನಮ್ಮ ಲೆಕ್ಕ ನಾನೇ ಬರೆದೆ. ಮಾರಿದ್ದು 34,000 ರೂಪಾಯಿ. ಮಳಿಗೆ ಬಾಡಿಗೆ 12,000. ಮೇಜಿನ ಬಟ್ಟೆಗೂ ಕರೆಂಟಿನ ಪಾಯಿಂಟಿಗೂ ಬೇರೆ ಬಿಲ್ಲು. ಬಸ್ಸು, ಆಟೋ, ಬಾಟಲಿ, ಲೇಬಲ್ಲು, ಮಿಡಿ, ಮೆಣಸು, ಸಾಸಿವೆ ಎಲ್ಲ ಕಳೆದು ಉಳಿದದ್ದು 4,000. ಅತ್ತಿಗೆಗೆ ಖುಷಿ, ಲಾಭವಾಯಿತೆಂದು. ನಿನ್ನ ಕೂಲಿ ಹಿಡಿದಿಲ್ಲ ಎಂದೆ. ಎರಡು ತಿಂಗಳು ಉಪ್ಪಿನಲ್ಲಿ ಕೈಯಿಟ್ಟದ್ದು, ಸಾಸಿವೆ ಕಡೆದದ್ದು, ಇಲ್ಲಿ ಬಂದು ನಿಂತದ್ದು. ಅವಳಿಗೆ ಅರ್ಥವಾಗಲಿಲ್ಲ. "ಯನ್ನ ಕೂಲಿ ಎಂತಕ್ಕೆ ಹಿಡಿತೆ? ಆನು ಮನೇಲೂ ಕೆಲಸ ಮಾಡ್ತಿ ಅಲ್ದ?" ಎಂದಳು. ಮೇಳಗಳೆಲ್ಲ ನಡೆಯುತ್ತಿರುವುದು ಈ ಒಂದು ವಾಕ್ಯದ ಮೇಲೆ ಎಂದು ನನ್ನ ಅನುಮಾನ. ಸಣ್ಣ ತಯಾರಕರೆಲ್ಲ ತಮ್ಮ ಕೂಲಿ ಹಿಡಿದು ಲೆಕ್ಕ ಹಾಕತೊಡಗಿದರೆ ಪೆಂಡಾಲಿನವನು ಬೇರೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ.

ಮುನ್ನೂರು ವಿಸಿಟಿಂಗ್ ಕಾರ್ಡು ಹಂಚಿದ್ದೆವು. ಆಮೇಲೆ ಫೋನುಗಳೂ ಬಂದವು. ವೆಬ್‌ಸೈಟು ಮಾಡಿಕೊಡುವವರು, ಸಾಲ ಕೊಡುವವರು, ಎಲ್ಲಕ್ಕಿಂತ ಹೆಚ್ಚಾಗಿ ಮುಂದಿನ ಮೇಳದವರು.

ಹಾಗಾದರೆ ಯಾವ ಮೇಳವೂ ಗಿಟ್ಟುವುದಿಲ್ಲವೆ? ಗಿಟ್ಟುವುದನ್ನು ನೋಡಿದ್ದೇನೆ. ಕಾರ್ತೀಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ರಸ್ತೆಯ ಎರಡೂ ಬದಿ ಗುಡ್ಡೆಗುಡ್ಡೆ ಕಡಲೆಕಾಯಿ. ಬಂದವರೆಲ್ಲ ಕೈಯಲ್ಲಿ ಚೀಲ ಹಿಡಿದೇ ಬಂದಿರುತ್ತಾರೆ. ಇದೇನು, ಹೇಗೆ ತಿನ್ನುವುದು ಎಂದು ಯಾರೂ ಕೇಳುವುದಿಲ್ಲ. ಚಿತ್ರಕಲಾ ಪರಿಷತ್ತಿನವರು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯೂ ಹಾಗೆಯೇ. ಚಿತ್ರ ಬಿಡಿಸಿದವರೇ ಎದುರು ಕೂತಿರುತ್ತಾರೆ, ಚಿತ್ರ ನೋಡಲೆಂದೇ ಜನ ಬಂದಿರುತ್ತಾರೆ. ಇನ್ನು ನಮ್ಮ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಆಗುವ ಮಾರಿಕಾಂಬಾ ಜಾತ್ರೆಯ ಬಳೆಯವರು, ಸ್ಟೀಲು ಪಾತ್ರೆಯವರು. ಅವರಿಗೆ ಒಂದು ಜಾತ್ರೆಯ ನಷ್ಟ ಮುಂದಿನ ಜಾತ್ರೆಯಲ್ಲಿ ತುಂಬುತ್ತದೆ, ಊರಿಂದೂರಿಗೆ ಹೋಗುತ್ತಲೇ ಇರುತ್ತಾರೆ. ವರ್ಷಕ್ಕೊಮ್ಮೆ ಬಸ್ಸು ಹತ್ತಿ, ಎಲ್ಲವನ್ನೂ ಒಟ್ಟಿಗೆ ಮಾರುವ ಪೆಂಡಾಲಿನಲ್ಲಿ, ಮಸಾಜು ಕುರ್ಚಿಗೂ ಇನ್‌ಶೂರೆನ್ಸಿಗೂ ನಡುವೆ ಬರಣಿ ಇಟ್ಟು ಕೂತವರಿಗೆ ಅದು ಗಿಟ್ಟುವುದಿಲ್ಲ. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ.

ಒಂದು ಲಾಭ ಮಾತ್ರ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ಹೊಳೆಯದೆ ಬಿಟ್ಟಿದ್ದೇನೆ. ಮೇಳದಲ್ಲಿ ಒಂದು ಸುತ್ತು ಹೊಡೆದು ಬಂದ ಅತ್ತಿಗೆ ಒಂದು ಸೀಸೆ ಕೊಂಡು ತಂದಳು. ಮೇಲೆ ಅಪ್ಪೆಮಿಡಿ ಎಂದಿತ್ತು, ಒಳಗೆ ಯಾವುದೋ ಮಾವಿನಕಾಯಿ, ಮೇಲಿಂದ ಎಸೆನ್ಸು. ಬೆಲೆ ನಮ್ಮದಕ್ಕಿಂತ ಹೆಚ್ಚು. ಅವಳು ಮುಚ್ಚಳ ಹಾಕಿ, ಸೆರಗಿಗೆ ಕೈಯೊರೆಸಿ, ನನ್ನಿಂದ ಪೆನ್ನು ಇಸಿದುಕೊಂಡು, ನಮ್ಮ ಚೀಟಿಯ ಮೇಲಿನ ರೇಟನ್ನು ಹೊಡೆದು ಹಾಕಿ ತನ್ನ ಕೈಯಾರೆ ಹೊಸದು ಬರೆದಳು. ಅಣ್ಣ ನೋಡಿದ್ದರೆ ನಾಚಿಕೆಪಟ್ಟುಕೊಳ್ಳುತ್ತಿದ್ದನೋ ನಗುತ್ತಿದ್ದನೋ. ಆಶ್ಚರ್ಯವೆಂದರೆ ಹೆಚ್ಚಿಸಿದ ಮೇಲೆ ಚೌಕಾಸಿ ಮಾಡುವವರು ಕಮ್ಮಿಯಾದರು.

ಈ ಸಲವೂ ಹೋಗುತ್ತೇವೆ. ಚನ್ನಪಟ್ಟಣದವರೂ ನಾವೂ ಸೇರಿ ಒಂದೇ ಮಳಿಗೆ ಹಿಡಿದಿದ್ದೇವೆ, ಬಾಡಿಗೆ ಅರ್ಧರ್ಧ. ಮಾರಲಿಕ್ಕೆ ಹೆಚ್ಚು ಸರಕು ಒಯ್ಯುವುದಿಲ್ಲ, ಒಂದು ಉದ್ದ ನೋಟ್‌ಬುಕ್ಕು ಒಯ್ಯುತ್ತೇವೆ. ಮುಂದಿನ ಬೆಳೆಗೆ ಬೇಕೆನ್ನುವವರು ಹೆಸರು ಬರೆಸಿ ಮುಂಗಡ ಕೊಡಬಹುದು. ಕೊಡುವವರು ಶಿವರಾತ್ರಿಯೊಳಗೆ ಕೊಡಿ. ದೀಪಾವಳಿಗೆ ಫೋನು ಮಾಡಿ ತಿಂಗಳಿಗಿಷ್ಟು ಬೇಕೆಂದರೆ ಸಿಗುವುದಿಲ್ಲ.