ಪುಣೆಯಿಂದ ಡೋಣಿ ದಂಡೆಗೆ: ಒಂದು ರೊಟ್ಟಿಯ ದಾರಿ

ಪುಣೆಯಲ್ಲಿ ಚಳಿಗಾಲ ಬಂತೆಂದರೆ ಆಫೀಸುಗಳಲ್ಲಿ ‘ಹುರಡಾ ಪಾರ್ಟಿ’ಯ ಮಾತು ಶುರುವಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಸೀತನಿಯೇ ಮರಾಠಿಯ ಹುರಡಾ. ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಬೆಲ್ಲವನ್ನೋ ಶೇಂಗಾ ಹಿಂಡಿಯನ್ನೋ ಕೂಡಿಸಿ ತಿನ್ನುವುದು. ಊರಲ್ಲಿ ಹೊಲಕ್ಕೆ ಹೋದವರು ಪುಕ್ಕಟೆ ತಿನ್ನುತ್ತಿದ್ದುದಕ್ಕೆ ಇಲ್ಲಿ ಮುಂಗಡ ಬುಕಿಂಗ್ ಇದೆ.

2024ರ ಜನವರಿಯ ಮೊದಲ ಶನಿವಾರ ನಮ್ಮ ತಂಡವೂ ಹೊರಟಿತು. ಸೊಲ್ಲಾಪುರ ರಸ್ತೆಯ ಬದಿಯ ಒಂದು ತೋಟ, ತಲೆಗೆ 900 ರೂಪಾಯಿ. ಎತ್ತಿನ ಗಾಡಿಯಲ್ಲಿ ಒಂದು ಸುತ್ತು, ಗಾಳಿಪಟ, ಬೇವಿನ ಮರದ ಕೆಳಗೆ ಹೊರಸು. ಮಧ್ಯಾಹ್ನ ಒಲೆಯ ಮುಂದೆ ಕೂತು ಒಬ್ಬ ಹೆಂಗಸು ಭಾಕರಿ ಬಡಿಯುತ್ತಿದ್ದಳು. ಸುತ್ತ ನಿಂತ ನಾವೆಲ್ಲ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದೆವು. ‘ಎಷ್ಟು ಸರಳ ಜೀವನ’ ಎಂದು ಯಾರೋ ಅಂದರು. ನಾನೂ ಹೂಂಗುಟ್ಟಿದೆ.

ಅಷ್ಟರಲ್ಲಿ ಮಗನ ಫೋನು ಬಂತು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಆ ಹೆಂಗಸು ತಲೆ ಎತ್ತಿದಳು.

“ನೀವು ಕನ್ನಡದವರೇನ್ರಿ? ನಮ್ದು ಅಕ್ಕಲಕೋಟ ಕಡೆ.”

ಪಕ್ಕದಲ್ಲೇ ಕೂತೆ. ದಿನಕ್ಕೆ ಎಷ್ಟು ಬಡಿಯುತ್ತೀ ಎಂದು ಕೇಳಿದೆ. “ಸೀಜನ್‌ದಾಗ ದಿನಾ ಇನ್ನೂರು ಆಗ್ತಾವ್ರಿ. ಐತವಾರ ಮುನ್ನೂರು,” ಎಂದಳು. ಸೊಂಟಕ್ಕೆ ಒಮ್ಮೆ ಕೈ ಕೊಟ್ಟು ನೆಟ್ಟಗಾಗಿ, ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಕೇಳಿದಳು: “ನಿಮ್ಮವ್ವಾರು ಇನ್ನಾ ಬಡೀತಾರೇನ್ರಿ?”

ನನಗೆ ಉತ್ತರ ಗೊತ್ತಿರಲಿಲ್ಲ. ಒಂಬತ್ತು ವರ್ಷ ವಾರಕ್ಕೆ ಎರಡು ಸಲ ವಿಡಿಯೊ ಕಾಲ್ ಮಾಡಿದ್ದೇನೆ. ‘ಊಟ ಆತಾ’ ಎಂದು ಪ್ರತಿ ಸಲ ಕೇಳಿದ್ದೇನೆ. ಆ ಊಟವನ್ನು ಯಾರು ಮಾಡಿದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾವು ದೇಶ ಬಿಟ್ಟದ್ದು 2014ರ ಸೆಪ್ಟೆಂಬರಿನಲ್ಲಿ. ಹೋಗುವಾಗ ನಮ್ಮ ಜಿಲ್ಲೆ ಬಿಜಾಪುರ. ನವೆಂಬರಿನಲ್ಲಿ ಅದು ವಿಜಯಪುರವಾದ ಸುದ್ದಿಯನ್ನು ಕಾನ್ಸಾಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕ್ ಎಂಬ ಊರಲ್ಲಿ ಕೂತು ಓದಿದೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್ ಎಂದು ನನಗೆ ಆಗ ಗೊತ್ತಿರಲಿಲ್ಲ. ಊರಾಚೆ ಪಶ್ಚಿಮಕ್ಕೆ ಕಾರು ಓಡಿಸಿದರೆ ಅಕ್ಟೋಬರಿನಲ್ಲಿ ಮೈಲುಗಟ್ಟಲೆ ಕೆಂಪು ತೆನೆಯ ಗಿಡ್ಡ ಜೋಳ. ಅಲ್ಲಿಯವರು ‘ಮೈಲೋ’ ಎನ್ನುತ್ತಾರೆ. ಹೆಚ್ಚಿನದು ದನಕರುಗಳ ಮೇವಿಗೆ, ಎಥನಾಲಿಗೆ, ರಫ್ತಿಗೆ. ಅಷ್ಟು ಜೋಳದ ನಡುವೆ ಇದ್ದೂ ನಾವು ಇಂಡಿಯನ್ ಸ್ಟೋರಿನ ಪ್ಯಾಕೆಟ್ ಹಿಟ್ಟು ತರುತ್ತಿದ್ದೆವು. ಬೀಸಿ ಎಷ್ಟು ತಿಂಗಳಾಗಿತ್ತೋ, ಜಿಗಿಯೇ ಇಲ್ಲದ ಹಿಟ್ಟು. ತಟ್ಟಿದರೆ ಒಣಗಿದ ಕೆರೆಯಂತೆ ಬಿರಿಯುತ್ತಿತ್ತು. ನನ್ನ ಗಂಡ ತುಮಕೂರಿನವರು. ಅವರ ಕಡೆ ಜೋಳವೆಂದರೆ ಮುಸುಕಿನ ಜೋಳ. ಮೊದಲ ಸಲ ‘ಜೋಳದ ಹಿಟ್ಟು ತನ್ನಿ’ ಎಂದು ಕಳಿಸಿದಾಗ ಎರಡು ಕೆ.ಜಿ. ಗೋವಿನಜೋಳದ ಹಿಟ್ಟು ಹೊತ್ತು ತಂದಿದ್ದರು.

2023ರ ಜೂನಿನಲ್ಲಿ ಮರಳಿದೆವು. ಬೆಂಗಳೂರಲ್ಲಿ ಸಿಗದ ಕೆಲಸ ಪುಣೆಯಲ್ಲಿ ಸಿಕ್ಕಿತು. ಹಿಂಜೆವಾಡಿಯಲ್ಲಿ ಆಫೀಸು, ವಾಕಡದಲ್ಲಿ ಮನೆ. ಇನ್ನು ಸರಳವಾಗಿ ಬದುಕಬೇಕು, ಮನೆಯಲ್ಲೇ ಅಡುಗೆ ಮಾಡಬೇಕು ಎಂಬುದು ನಮ್ಮ ಸಂಕಲ್ಪ. ಆ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತ್ತು. ಮಾಲ್‌ಗಳಲ್ಲಿ ಜೋಳ, ರಾಗಿ, ಸಜ್ಜೆಗಳೆಲ್ಲ ಚಂದದ ಡಬ್ಬಿಗಳಲ್ಲಿ ಕೂತಿದ್ದವು. ಗಾಣದ ಎಣ್ಣೆ, ಮಣ್ಣಿನ ಮಡಕೆ, ಬೀಡಿನ ಹಂಚು ಎಲ್ಲ ತಂದೆ. ಸರಳವಾಗಲು ಹೊರಟವಳ ತಿಂಗಳ ಕಿರಾಣಿ ಬಿಲ್ಲು ಏರಿದ್ದೇ ಬಂತು. ರೊಟ್ಟಿ ಮಾತ್ರ ಬರಲಿಲ್ಲ.

ಹುರಡಾ ಪಾರ್ಟಿಯ ಮುಂದಿನ ಗುರುವಾರ, ಜನವರಿ 11, ಎಳ್ಳಮಾಸಿ. ಎರಡು ದಿನ ರಜೆ ಹಾಕಿ ಬುಧವಾರ ನಸುಕಿನಲ್ಲೇ ಹೊರಟೆವು.

ಈ ದಾರಿಯಲ್ಲಿ ಓಡಾಡುವವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಪುಣೆಯಿಂದ ಸೊಲ್ಲಾಪುರಕ್ಕೆ ಸುಮಾರು 250 ಕಿ.ಮೀ., ಅಲ್ಲಿಂದ ವಿಜಯಪುರಕ್ಕೆ 100. ಭಿಗವಣದ ಬಳಿ ಉಜನಿ ಹಿನ್ನೀರು ಆ ವರ್ಷ ಬಹಳ ಹಿಂದೆ ಸರಿದಿತ್ತು. ಇಂದಾಪುರ, ಟೆಂಭೂರ್ಣಿ ದಾಟಿದರೆ ಮೋಹೋಳ. ನಮ್ಮ ಹಿಂಗಾರಿ ಜೋಳದ ಹೆಸರಾಂತ ತಳಿ ಎಂ 35-1, ಮಾಲದಂಡಿ, ಸ್ವಾತಂತ್ರ್ಯಕ್ಕೂ ಮೊದಲು ಇಲ್ಲಿಯ ಸಂಶೋಧನಾ ಕೇಂದ್ರದಲ್ಲೇ ಸ್ಥಳೀಯ ಜೋಳದಿಂದ ಆರಿಸಿದ್ದು. ಮುತ್ತಿನಂಥ ಬಿಳಿ ಕಾಳು. ಮಳೆ ನಿಂತ ಮೇಲೆ ಬಿತ್ತುತ್ತಾರೆ, ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ನಿಲ್ಲುತ್ತದೆ. ನಮ್ಮ ಅವ್ವನ ಪಾಲಿಗೆ ಜೋಳವೆಂದರೆ ಇದೊಂದೇ.

ಸೊಲ್ಲಾಪುರ ದಾಟಿ ಟಾಕಳಿಯ ಸೇತುವೆ ಮೇಲೆ ಭೀಮಾ ನದಿ ದಾಟಿದರೆ ಧೂಳಖೇಡ. ಅಂಗಡಿ ಬೋರ್ಡುಗಳು ಕನ್ನಡಕ್ಕೆ ತಿರುಗುತ್ತವೆ. ಮಗ ಒಂದೊಂದೇ ಕೂಡಿಸಿ ಓದತೊಡಗಿದ. ಕಾನ್ಸಾಸಿನಲ್ಲಿ ಹುಟ್ಟಿದ ಅವನು ಈಗ ಪುಣೆಯ ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದಾನೆ. ರೊಟ್ಟಿಗೆ ‘ಭಾಕರಿ’ ಎನ್ನುತ್ತಾನೆ. ಝಳಕಿ, ಹೊರ್ತಿ, ಆಮೇಲೆ ದೂರದಲ್ಲಿ ಗೋಳಗುಮ್ಮಟ. ಅಲ್ಲಿಂದ ತಾಳಿಕೋಟೆ ಕಡೆಗೆ ಇನ್ನೂ ಎರಡು ತಾಸು.

ನಮ್ಮದು ಡೋಣಿ ದಂಡೆಯ ಹಳ್ಳಿ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆ ವರ್ಷ ಡೋಣಿ ಹರಿದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ್ದ ವರ್ಷವದು.

ಸಂಜೆ ಊರು ಮುಟ್ಟಿದೆವು. ಜೂನಿನಿಂದ ಎರಡು ಸಲ ಬಂದು ಹೋಗಿದ್ದೆ. ಎರಡೂ ಸಲ ಬುಟ್ಟಿಯಲ್ಲಿ ಬರೀ ಖಡಕ್ ರೊಟ್ಟಿ ಇತ್ತು. ಮೊದಲೇ ಬಡಿದಿಟ್ಟಿದ್ದಾಳೆ ಎಂದುಕೊಂಡು ತಿಂದೆದ್ದಿದ್ದೆ. ಈ ಸಲ ಕಾಯುತ್ತ ಕೂತೆ. ದೀಪ ಹಚ್ಚುವ ಹೊತ್ತಿಗೆ ಒಬ್ಬ ಹುಡುಗಿ ಬಂದು, ಅರಿವೆಯಲ್ಲಿ ಸುತ್ತಿದ ರೊಟ್ಟಿ ಗಂಟನ್ನು ಕಟ್ಟೆಯ ಮೇಲಿಟ್ಟು ಹೋದಳು.

“ಇವು ಯಾರು ಬಡಿದದ್ದು ಅವ್ವಾ?”

“ಹಿಂದಿನ ಓಣಿ ಕಾಕು. ಎರಡು ವರ್ಷ ಆತು ನಾ ಬಿಟ್ಟು. ಮುಂಗೈ ಹಿಡಕೊಂಡಾವ. ಮೊಳಕಾಲು ಮಡಚಿ ಕುಂತ್ರ ಏಳಾಕ ಆಗಂಗಿಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅಲ್ಲಿಂದ ಬಂದು ಬಡೀತಿದ್ದೇನು?”

ಸಿಟ್ಟಿನಿಂದ ಅಂದದ್ದಲ್ಲ. ಹಾಲಿನ ಲೆಕ್ಕ ಹೇಳಿದಷ್ಟು ಸಹಜವಾಗಿ ಅಂದಳು. ಅಪ್ಪ ಹೋದ ಮೇಲೆ ಅವಳು ಆ ಮನೆಯಲ್ಲಿ ಒಬ್ಬಳೇ. ತಮ್ಮನ ಸಂಸಾರ ತಾಳಿಕೋಟೆಯಲ್ಲಿ; ಅವನು ದಿನಾ ಹೊಲಕ್ಕೆ ಬಂದು ಹೋಗುತ್ತಾನೆ. ವಿಡಿಯೊ ಕಾಲಿನಲ್ಲಿ ಅವ್ವ ಯಾವಾಗಲೂ ಹೊರಗಿನ ಕಟ್ಟೆಯ ಮೇಲೇ ಕೂತು ಮಾತಾಡುತ್ತಿದ್ದಳು. ಒಳಗೆ ನೆಟ್‌ವರ್ಕ್ ಬರುವುದಿಲ್ಲ ಎನ್ನುತ್ತಿದ್ದಳು. ಒಳಗೆ ಒಲೆ ಆರಿತ್ತು, ಅಷ್ಟೇ.

ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕೆಲಸದ ಚಾಳಿ, ಲೆಕ್ಕ ಹಾಕತೊಡಗಿದೆ. ಅಜ್ಜ, ಅಜ್ಜಿ, ಕಾಕಾ, ಆಳುಮಕ್ಕಳು, ನಾವು ಎಂದು ಮನೆ ತುಂಬ ಮಂದಿ ಇದ್ದ ಕಾಲದಲ್ಲಿ ದಿನಕ್ಕೆ 40 ರೊಟ್ಟಿಗೆ ಕಡಿಮೆ ಇರಲಿಲ್ಲ. ವರ್ಷಕ್ಕೆ 14,600. ಅಂಥ 25 ವರ್ಷಕ್ಕೆ 3,65,000. ಬೆಳಿಗ್ಗೆ ಈ ಸಂಖ್ಯೆಯನ್ನು ಅವ್ವನಿಗೆ ಹೇಳಿದೆ. ಬೆರಗಾಗುತ್ತಾಳೆ ಎಂದುಕೊಂಡಿದ್ದೆ.

“ಎಣಿಸಿದ್ರ ಬಡಿಯೂದ ಆಗ್ತಿದ್ದಿಲ್ಲ,” ಎಂದಳು.

“ನನಗ ಕಲಸು,” ಅಂದೆ. ಅವಳ ಮುಖ ಬದಲಾಯಿತು.

“ಈ ಹಂಚಿನ ಮುಂದ ನೀ ಕೂಡಬಾರದಂತನ ನಿನಗ ಸಾಲಿ ಕಲಿಸಿದ್ದು. ಅಮೆರಿಕಾ ತಿರುಗಿ ಬಂದು ಮತ್ತ ಇಲ್ಲೇ ಕೂಡತೀನಿ ಅಂತಿಯಲ್ಲ.”

ಆಗ ನೆನಪಾಯಿತು. ಚಿಕ್ಕವಳಿದ್ದಾಗ ಚಳಿಗೆ ಒಲೆ ಹತ್ತಿರ ಕೂತು ಹಿಟ್ಟಿನ ಉಂಡೆಗೆ ಕೈ ಹಾಕಿದಾಗಲೆಲ್ಲ ಅವಳು ಓಡಿಸುತ್ತಿದ್ದಳು: ‘ಹೋಗು, ಓದ್ಕೋ ಹೋಗು.’ ಅಜ್ಜಿ ಬೈಯುತ್ತಿದ್ದಳು, ರೊಟ್ಟಿ ಬಾರದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು. ಅವ್ವ ಆ ಬೈಗುಳವನ್ನು ತಾನು ತಿಂದು ನನ್ನನ್ನು ಪುಸ್ತಕದ ಮುಂದೆ ಕೂರಿಸಿದ್ದಳು. ನನಗೆ ರೊಟ್ಟಿ ಬರುವುದಿಲ್ಲ ಎಂಬುದು ನಾನು ಕಳಕೊಂಡದ್ದಾಗಿರಲಿಲ್ಲ. ಅವಳು ಕಷ್ಟಪಟ್ಟು ನನಗೆ ಕೊಡಿಸಿದ್ದಾಗಿತ್ತು. ನಾನು ‘ಸರಳ ಬದುಕು’ ಎಂದು ಹುಡುಕಿ ಬಂದದ್ದು ಅವಳಿಗೆ ಆಯ್ಕೆಯೇ ಇಲ್ಲದೆ ಬಂದ ಬದುಕು.

ಏನು ಹೇಳುವುದು ತಿಳಿಯದೆ, “ಹಂಗಲ್ಲವ್ವಾ, ನನಗ ತಿನ್ನಬೇಕನಸತೈತಿ, ಅದಕ್ಕ,” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನು ಕುರ್ಚಿಯ ಮೇಲೆ ಕೂತು, “ಎಸರಿಡು,” ಎಂದಳು.

ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರು ಹೊಯ್ಯಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರಿನಿಂದಲೇ ಜಿಗಿ ಬರಬೇಕು. ಕೈ ಸುಡುವಷ್ಟು ಬಿಸಿ ಇದ್ದಾಗಲೇ ಅಂಗೈಯ ಬುಡದಿಂದ ನಾದಬೇಕು. ಒಣ ಹಿಟ್ಟು ಉದುರಿಸಿ, ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದರಿಂದ ಬಡಿಯಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. “ಕಣ್ಣಿನಿಂದ ನೋಡಬ್ಯಾಡ, ಕೈಯಿಂದ ನೋಡು,” ಎಂದಳು ಅವ್ವ.

ನನ್ನ ಮೊದಲ ರೊಟ್ಟಿ ಕಾನ್ಸಾಸಿನ ನಕ್ಷೆಯಂತೆ ಬಂತು. ಉದ್ದನೆಯ ಚೌಕ, ಮೇಲಿನ ಬಲ ಮೂಲೆ ಹರಿದದ್ದು. ಮಗ ನಕ್ಕ, ಅವ್ವನೂ ನಕ್ಕಳು. ಆರನೆಯದು ಅರ್ಧ ಉಬ್ಬಿತು. ಅಷ್ಟಕ್ಕೇ ನನ್ನ ಸೊಂಟ ಹಿಡಿದಿತ್ತು. ಅವಳ ಲೆಕ್ಕದಲ್ಲಿ ಒಂದು ದಿನದ ಕಾಲು ಭಾಗವೂ ಆಗಿರಲಿಲ್ಲ.

ಮಧ್ಯಾಹ್ನ ಹೊಲಕ್ಕೆ ಹೋದೆವು. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ. ಹೆಚ್ಚಿನದು ಕಾಕುವಿನ ಮತ್ತು ತಮ್ಮನ ಹೆಂಡತಿಯ ಕೈಯದು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ತಮ್ಮ ಹೊಲದ ಸುತ್ತ ಚರಗ ಚೆಲ್ಲಿದ. ಎದೆ ಮಟ್ಟ ಇರಬೇಕಾದ ಜೋಳ ಸೊಂಟ ಮಟ್ಟಕ್ಕಿತ್ತು. ನೆಲ ಬಾಯಿ ಬಿಟ್ಟಿತ್ತು. “ಮೇವಿಗಾದ್ರೂ ಆಗ್ತದ,” ಎಂದ ತಮ್ಮ. ಹಿಂಗಾರಿ ಜೋಳವನ್ನು ಬೇರು ಸಮೇತ ಕೀಳಬೇಕು. ಕೀಳುವ ಆಳು ಸಿಗುವುದಿಲ್ಲ, ಕೂಲಿ ಹೊಂದುವುದಿಲ್ಲ; ಮುಂದಿನ ವರ್ಷ ಮನೆಗೆ ಬೇಕಾದಷ್ಟು, ಎರಡು ಎಕರೆ ಮಾತ್ರ ಜೋಳ, ಉಳಿದದ್ದು ತೊಗರಿ, ಕಡಲೆ ಎಂದ. ಪುಣೆಯ ಮಾಲಿನಲ್ಲಿ ಜೋಳದ ಡಬ್ಬಿಗೆ ನಾನು ಕೊಟ್ಟ ಬೆಲೆಯನ್ನು ಹೇಳಲು ಬಾಯಿ ಬರಲಿಲ್ಲ.

ಶುಕ್ರವಾರ ಹೊರಡುವಾಗ ಅವ್ವ ಹೊಸದಾಗಿ ಬೀಸಿಸಿದ ಐದು ಕೆ.ಜಿ. ಹಿಟ್ಟು ಕಟ್ಟಿದಳು. “ಹದಿನೈದು ದಿನದಾಗ ಮುಗಸು. ಜಿಗಿ ಹೋಗತೈತಿ.”

ಈಗ ನಮ್ಮ ಮನೆಯಲ್ಲಿ ಭಾನುವಾರ ನಾನು ಎಂಟು ರೊಟ್ಟಿ ಬಡಿಯುತ್ತೇನೆ. ಬುಧವಾರ ಗಂಡನ ಮುದ್ದೆ, ಉಪ್ಪುಸಾರು. ಉಳಿದ ದಿನ ನಮ್ಮ ಗಲ್ಲಿಯಲ್ಲಿ ಭಾಕರಿ ಮಾಡಿ ಮಾರುವ ಮಾವಶಿಯಿಂದ ತರುತ್ತೇವೆ. ಮೊದಲು ಒಂದೆರಡು ರೂಪಾಯಿಗೆ ಅವಳ ಜೊತೆ ಚೌಕಾಸಿ ಮಾಡುತ್ತಿದ್ದೆ, ಈಗ ಇಲ್ಲ. ಹಿಟ್ಟು ಎಲ್ಲಿಯದು ಎನ್ನುವ ಜೊತೆಗೆ ನಿನ್ನ ಕೈ ಹೇಗಿದೆ ಎಂದೂ ಕೇಳುತ್ತೇನೆ. ದಿನಾ ಮನೆಯಲ್ಲೇ ರೊಟ್ಟಿ ಎಂಬ ಸಂಕಲ್ಪವನ್ನು ಬಿಟ್ಟಿದ್ದೇನೆ. ಬಿಟ್ಟದ್ದಕ್ಕೆ ನಾಚಿಕೆ ಇಲ್ಲ. ಅದು ಅವ್ವ ನನಗೆ ಕೊಡಿಸಿದ ಸವಲತ್ತು.

ಆಗಸ್ಟಿನಲ್ಲಿ ಅವ್ವ ಪುಣೆಗೆ ಬಂದಿದ್ದಳು, ಮೊಳಕಾಲು ತೋರಿಸಲು. ಭಾನುವಾರ ಡೈನಿಂಗ್ ಟೇಬಲಿನ ಮುಂದೆ ಕೂರಿಸಿ ಬಿಸಿ ರೊಟ್ಟಿ ಹಾಕಿದೆ. ಜನ್ಮದಲ್ಲಿ ಅವಳು ಎಲ್ಲರಿಗಿಂತ ಮೊದಲು, ಬಿಸಿ ಇರುವಾಗಲೇ, ಕೂತು ರೊಟ್ಟಿ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಚೂರು ಮುರಿದು, ಹಿಂಡಿ ಹಚ್ಚಿ ತಿಂದಳು.

“ಅಂಚು ದಪ್ಪ ಅದ,” ಎಂದಳು. ಆಮೇಲೆ ತಾಟು ಮುಂದೆ ಸರಿಸಿ, “ಇನ್ನೊಂದು ಹಾಕು.”