ತಂಪು ಎಲ್ಲಿಗೆ ಹೋಯಿತು?

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಯಂತ್ರದ ವಿಷಯ ಬರೆಯ ಹೊರಟದ್ದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಆದರೆ ತಂದೆಯವರ ಬಾಡಿಗೆ ಕಾರು ನನಗೆ ಕಲಿಸಿದ ಪಾಠವೊಂದುಂಟು, ಅದನ್ನು ಹೇಳದಿರಲಾರೆ.

ನಮ್ಮ ಊರು ತ್ರಾಸಿ. ಪಕ್ಕದ ಮರವಂತೆಯಲ್ಲಿ ಒಂದೆಡೆ ಅರಬ್ಬೀ ಸಮುದ್ರ, ಇನ್ನೊಂದೆಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಆ ಸೊಬಗನ್ನು ಕಂಡ ಯಾತ್ರಿಕರು ಕಾರು ನಿಲ್ಲಿಸದೆ ಬಿಡರು. ಅವರು ಅಲೆ ನೋಡುವಷ್ಟು ಹೊತ್ತೂ ಕಾರಿನ ಮೋರೆಗೆ ಉಪ್ಪುಗಾಳಿ ಬಡಿಯುತ್ತಿರುತ್ತದೆ.

ಒಂದು ಬೇಸಗೆಯಲ್ಲಿ ಕಾರಿನ ಏಸಿ ಬಿಸಿಗಾಳಿ ಊದತೊಡಗಿತು. ‘ಗ್ಯಾಸು ಮುಗಿದಿದೆ’ ಎಂದರೊಬ್ಬರು, ತುಂಬಿಸಿದೆವು. ಮೂರೇ ವಾರ ತಂಪು. ಮತ್ತೆ ತುಂಬಿಸಿದೆವು, ಮತ್ತೆ ಅದೇ ಕಥೆ. ಮುರುಡೇಶ್ವರಕ್ಕೆ ಹೊರಟಿದ್ದ ಕುಟುಂಬವೊಂದು, ಮಗು ಬೆವತು ಅಳುವುದನ್ನು ನೋಡಲಾರದೆ, ಅರ್ಧದಾರಿಯಲ್ಲೇ ಬೇರೆ ಕಾರು ಹಿಡಿಯಿತು. ಆ ರಾತ್ರಿ ತಂದೆಯವರು ಮಾತಿಲ್ಲದೆ ಉಂಡೆದ್ದರು.

ಕೊನೆಗೆ ದೊರೆತ ಮುದುಕ ಮೆಕ್ಯಾನಿಕ್ಕು ನಕ್ಕುಬಿಟ್ಟ. “ಹ್ವಾಯ್, ಉರ್ದ್ ಮುಗಿಯುಕೆ ಅದೆಂತ ಪೆಟ್ರೋಲಾ? ಹೋದ್ದ್ ಎಲ್ಲಿಗಂದ್ ಮೊದ್ಲ್ ಕಾಣ್ಕ್!”

ನಿಜವೇ. ಆ ಗ್ಯಾಸು ಮುಚ್ಚಿದ ಕೊಳವೆಗಳೊಳಗೆ ಸುತ್ತುವುದೇ ಹೊರತು ಖರ್ಚಾಗುವ ವಸ್ತುವಲ್ಲ. ಕಂಪ್ರೆಸರು ಅದನ್ನು ಒತ್ತುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಒಳಗಣ ಇವಾಪೊರೇಟರಿನಲ್ಲಿ ಆವಿಯಾಗುತ್ತ ನಮ್ಮ ಸೆಕೆಯನ್ನು ಹೀರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿತೆಂದೇ ಅರ್ಥ.

ಆತ ನೀಲಿ, ಕೆಂಪು ಎರಡೂ ಗೇಜುಗಳನ್ನು ಜೋಡಿಸಿದ. ಎರಡರ ಮುಳ್ಳೂ ಕೆಳಗಿದ್ದವು. ಕಂಡೆನ್ಸರಿನ ಮೂಲೆಯಲ್ಲಿ ಎಣ್ಣೆ ಹಿಡಿದ ಧೂಳಿತ್ತು. ಸೋರುವ ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಹೊರಬರುತ್ತದೆಯಂತೆ. ನೈಟ್ರೋಜನ್ ತುಂಬಿ ಸಾಬೂನು ನೊರೆ ಸವರಿದ. ಸಣ್ಣ ಗುಳ್ಳೆಯೊಂದು ಎದ್ದಿತು! ಉಪ್ಪು ಅಲ್ಯೂಮಿನಿಯಮ್ಮನ್ನು ತಿಂದಿತ್ತು. ಹೊಸ ಕಂಡೆನ್ಸರು ಕೂರಿಸಿ, ಪಂಪಿನಿಂದ ಅರ್ಧ ಗಂಟೆ ಒಳಗಿನ ಗಾಳಿ, ತೇವಗಳನ್ನು ಎಳೆದು, ಮುಳ್ಳು ಕದಲದುದನ್ನು ಕಂಡ ಮೇಲೆಯೇ ಗ್ಯಾಸನ್ನು ತೂಗಿ ತುಂಬಿದ.

ನಾವು ಎರಡು ಸಲ ಕಳೆದುಕೊಂಡದ್ದು ಹಣವನ್ನು ಮಾತ್ರವೆಂದುಕೊಂಡಿದ್ದೆ. ಹಿಂದೆ ಕಾರುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದನ್ನು ಕೈಬಿಡಲಾಯಿತು. ಅದರ ಬದಲಿಗೆ ಬಂದ ಆರ್-134ಎ ಓಝೋನನ್ನು ಕೆಡಿಸದು. ಆದರೆ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕು ಭೂಮಿಯನ್ನು ಕಾಯಿಸುತ್ತದೆ. ಇಂಥವನ್ನು ಇಳಿಸಲೆಂದೇ 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಯಿತು. ನಮ್ಮ ತಂಪು ಆಕಾಶಕ್ಕೆ ಹೋಗಿ ಸೆಕೆಯಾಗಿತ್ತು!

ಈಗ ತಂದೆಯವರು ರಾತ್ರಿ ಮನೆಗೆ ಬಂದೊಡನೆ ಕಾರಿನ ಮೋರೆಗೆ ಬಾವಿಯ ಸಿಹಿನೀರನ್ನು ಮೆಲ್ಲಗೆ ಹೊಯ್ದು ಉಪ್ಪು ತೊಳೆಯುತ್ತಾರೆ. ಕೊಡಪಾನ ಹಿಡಿಯುವ ಕೆಲಸ ನನ್ನದು. ತೂತು ಹುಡುಕದೆ ತುಂಬುತ್ತ ಹೋಗುವ ಅಭ್ಯಾಸ ಪರೀಕ್ಷೆಯ ಹಿಂದಿನ ರಾತ್ರಿ ನನಗೂ ಉಂಟೆಂಬುದು ಆಗ ನೆನಪಾಗುತ್ತದೆ.