ಕಚ್ಚಿದವನಿಗೇ ಅಂಟುವ ರೋಗ

ಹೋಬಾರ್ಟ್, ಟ್ಯಾಸ್ಮೇನಿಯಾ

ಪ್ರೀತಿಯ ತಮ್ಮಾ,

ಅಮ್ಮನ ಮಂಡಿನೋವಿನ ವಿಷಯ ಭಾನುವಾರ ಮಾತಾಡೋಣ. ಈ ಕಾಗದ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ. "ಬೀದಿನಾಯಿಗಳ ಅಂಟುಗಡ್ಡೆಗೆ ನಾನು ವಾರಕ್ಕೊಂದು ವಿಂಕ್ರಿಸ್ಟಿನ್ ಕೊಡ್ತೀನಿ, ಕರಗಿಹೋಗುತ್ತೆ. ನಿಮ್ಮೂರಿನ ಡೆವಿಲ್‌ಗೂ ಅದನ್ನೇ ಕೊಟ್ಟರೆ ಮುಗೀತಲ್ಲ ಅಕ್ಕ, ಇಷ್ಟು ವರ್ಷದಿಂದ ಅಲ್ಲಿನವರು ಏನು ಮಾಡ್ತಿದ್ದಾರೆ?" ಅಂದೆಯಲ್ಲ, ಪಶುವೈದ್ಯ ಕೇಳಲೇಬೇಕಾದ ಪ್ರಶ್ನೆ ಅದು. ಆ ಹೊತ್ತಿಗೆ ನಿನ್ನ ಆಸ್ಪತ್ರೆ ಮುಂದೆ ದನಗಳು ಸಾಲುಗಟ್ಟಿದ್ದವು, ನನಗೂ ಕೆಲಸಕ್ಕೆ ಹೊತ್ತಾಗಿತ್ತು, ಹಾಗಾಗಿ ಆಗ ಉತ್ತರಿಸಲಾಗಲಿಲ್ಲ.

ಕೊಟ್ಟು ನೋಡಿದ್ದಾರೆ ಕಣೋ. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನಿನ್ನ ನಾಯಿಗಳಲ್ಲಿ ಕರಗುವಂತೆ ಇಲ್ಲಿ ಗಡ್ಡೆ ಕರಗಲಿಲ್ಲ. ಎರಡೂ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವ ಕ್ಯಾನ್ಸರ್‌ಗಳೇ. ಆದರೆ ನಾಯಿಯದು ಸಾವಿರಾರು ವರ್ಷ ಹಳೆಯದು, ನಾಯಿಯನ್ನು ಕೊಲ್ಲುವುದು ಅಪರೂಪ. ಡೆವಿಲ್‌ನದು ಹೊಸದು, ಕ್ರೂರಿ. ಮುಖದ ಮೇಲೆ, ಬಾಯೊಳಗೆ ಹುಣ್ಣಾಗಿ ಬೆಳೆದು ತಿನ್ನುವುದಕ್ಕೇ ಬಿಡುವುದಿಲ್ಲ. ಗಡ್ಡೆ ಕಾಣಿಸಿಕೊಂಡ ಕೆಲವೇ ತಿಂಗಳಲ್ಲಿ ಪ್ರಾಣಿ ಸಾಯುತ್ತದೆ.

ಸಣ್ಣ ನಾಯಿಯಷ್ಟೆತ್ತರದ, ಕಪ್ಪು ಮೈಯ, ಎದೆಯ ಮೇಲೊಂದು ಬಿಳಿ ಪಟ್ಟೆಯ ಪ್ರಾಣಿ ಈ ಟ್ಯಾಸ್ಮೇನಿಯನ್ ಡೆವಿಲ್. ಸತ್ತ ಪ್ರಾಣಿಗಳನ್ನು ಮೂಳೆ ಸಮೇತ ತಿಂದು ಕಾಡನ್ನು ಸ್ವಚ್ಛವಾಗಿಡುತ್ತದೆ. ತಾಯಿ ಹಡೆಯುವುದು ಇಪ್ಪತ್ತಕ್ಕೂ ಹೆಚ್ಚು ಮರಿಗಳನ್ನು, ಒಂದೊಂದೂ ಅಕ್ಕಿಕಾಳಿನಷ್ಟು. ಹೊಟ್ಟೆಚೀಲದಲ್ಲಿರುವ ಮೊಲೆತೊಟ್ಟು ನಾಲ್ಕೇ. ಅದನ್ನು ಹಿಡಿದವು ಮಾತ್ರ ಉಳಿಯುತ್ತವೆ. ಕಾಡಿನಲ್ಲಿ ಬದುಕುವುದು ಹೆಚ್ಚೆಂದರೆ ಐದಾರು ವರ್ಷ. ಈ ಊರಿನ ಮೃಗಾಲಯದಲ್ಲೇ 1936ರ ಸೆಪ್ಟೆಂಬರ್ 7ರಂದು ಕೊನೆಯ ಥೈಲಸೀನ್, ಅಂದರೆ ಟ್ಯಾಸ್ಮೇನಿಯನ್ ಹುಲಿ, ಸತ್ತಿತು. ಆಮೇಲೆ ಮಾಂಸಾಹಾರಿ ಸಂಚಿಪ್ರಾಣಿಗಳಲ್ಲಿ ದೊಡ್ಡದು ಎಂದು ಉಳಿದಿರುವುದು ಡೆವಿಲ್ ಒಂದೇ. ಅದಕ್ಕೇ ಇಲ್ಲಿಯವರ ಸಂಕಟ ಅಷ್ಟು ಆಳದ್ದು.

1996ರಲ್ಲಿ ದ್ವೀಪದ ಈಶಾನ್ಯ ಮೂಲೆಯ ಮೌಂಟ್ ವಿಲಿಯಂ ಹತ್ತಿರ ಒಬ್ಬ ಛಾಯಾಗ್ರಾಹಕ ತೆಗೆದ ಚಿತ್ರಗಳಲ್ಲಿ ಮುಖ ಗಡ್ಡೆಗಟ್ಟಿದ ಡೆವಿಲ್‌ಗಳು ಕಂಡವು. ಏನೋ ವೈರಸ್ ಇರಬೇಕು ಎಂದೇ ಹಲವರು ಊಹಿಸಿದರು. ಉತ್ತರ ಸಿಕ್ಕಿದ್ದು ಆ್ಯನ್-ಮರೀ ಪಿಯರ್ಸ್ ಎಂಬ ಕೋಶತಳಿ ವಿಜ್ಞಾನಿಯ ಸೂಕ್ಷ್ಮದರ್ಶಕದ ಕೆಳಗೆ. ನಾನೂ ದಿನವೆಲ್ಲ ಗಾಜಿನ ಪಟ್ಟಿಗಳ ಮೇಲಿನ ಕೋಶಗಳನ್ನೇ ನೋಡುವವಳಾದ್ದರಿಂದ ಈ ಭಾಗ ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಆರೋಗ್ಯವಂತ ಡೆವಿಲ್‌ನ ಕೋಶದಲ್ಲಿ 14 ವರ್ಣತಂತುಗಳು. ಗಡ್ಡೆಯ ಕೋಶದಲ್ಲಿ 13, ಅವೂ ಮುರಿದು ಅಡ್ಡಾದಿಡ್ಡಿ ಜೋಡಿಕೊಂಡವು. ಕ್ಯಾನ್ಸರ್‌ನಲ್ಲಿ ವರ್ಣತಂತು ಕೆಡುವುದು ನಿನಗೂ ಗೊತ್ತು. ಆದರೆ ಒಂದೊಂದು ಪ್ರಾಣಿಯಲ್ಲಿ ಒಂದೊಂದು ರೀತಿ ಕೆಡಬೇಕು. ಇಲ್ಲಿ ಬೇರೆ ಬೇರೆ ಪ್ರಾಣಿಗಳ ಗಡ್ಡೆಗಳಲ್ಲಿ ಅದೇ ಮುರಿತ, ಅದೇ ಜೋಡಣೆ. ಇನ್ನೂ ಒಂದು ಸಾಕ್ಷಿ ಸಿಕ್ಕಿತು. ಒಂದು ಡೆವಿಲ್‌ಗೆ ಹುಟ್ಟಿನಿಂದಲೇ ಐದನೆಯ ವರ್ಣತಂತುವಿನ ಒಂದು ತುಂಡು ತಿರುಗುಮುರುಗಾಗಿತ್ತು, ಮೈಯ ಕೋಶಗಳಲ್ಲೆಲ್ಲ ಅದರ ಗುರುತಿತ್ತು. ಅದರ ಗಡ್ಡೆಯಲ್ಲಿ ಮಾತ್ರ ಇರಲಿಲ್ಲ! ಅಂದರೆ ಆ ಗಡ್ಡೆ ಅದರ ಮೈಯಿಂದ ಹುಟ್ಟಿದ್ದಲ್ಲ, ಹೊರಗಿನಿಂದ ಬಂದು ಕೂತದ್ದು. 2006ರಲ್ಲಿ ಪಿಯರ್ಸ್ ಮತ್ತು ಕೇಟ್ ಸ್ವಿಫ್ಟ್ ಇದನ್ನು 'ನೇಚರ್' ಪತ್ರಿಕೆಯಲ್ಲಿ ಬರೆದರು. ಲೇಖನ ಚಿಕ್ಕದು, ಅದನ್ನು ನಿನಗೆ ಕಳಿಸುತ್ತೇನೆ, ಓದಲೇಬೇಕು.

ಆಮೇಲೆ ತಿಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಈ ಗಡ್ಡೆ ಶುರುವಾದದ್ದು ಒಂದು ಹೆಣ್ಣು ಡೆವಿಲ್‌ನಲ್ಲಿ, ನರಗಳನ್ನು ಸುತ್ತಿರುವ ಶ್ವಾನ್ ಕೋಶವೊಂದರಿಂದ, ಬಹುಶಃ 1980ರ ದಶಕದಲ್ಲಿ. ಆ ಹೆಣ್ಣು ಎಂದೋ ಸತ್ತಿದೆ, ಅದರ ಕೋಶ ಇನ್ನೂ ಕಚ್ಚಾಟದಲ್ಲಿ ಒಂದರ ಮುಖದಿಂದ ಇನ್ನೊಂದರ ಮುಖಕ್ಕೆ ಸಾಗುತ್ತಲೇ ಇದೆ. ಅದು ಸಾಲದೆಂಬಂತೆ 2014ರಲ್ಲಿ ಆಗ್ನೇಯದ ಡಿ'ಎಂಟ್ರಿಕಾಸ್ಟೊ ಕಾಲುವೆಯ ಕಡೆ ಇನ್ನೊಂದು ಅಂಟುಗಡ್ಡೆ ಪತ್ತೆಯಾಯಿತು. ಇದರ ಮೂಲ ಒಂದು ಗಂಡು.

ಪರರ ಕೋಶವನ್ನು ಮೈ ಯಾಕೆ ಹೊರಗೆ ಹಾಕಲಿಲ್ಲ ಅಂತ ನೀನು ಈಗಾಗಲೇ ಕೇಳಿಕೊಂಡಿರುತ್ತೀಯ. ದ್ವೀಪದ ಪ್ರಾಣಿ, ಎಲ್ಲ ನೆಂಟರೇ, ಹಾಗಾಗಿ ಗುರುತು ಹಿಡಿಯಲಿಲ್ಲ ಎಂದು ಮೊದಲು ಅಂದುಕೊಂಡರು. ಆದರೆ ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಮೈ ಅದನ್ನು ತಿರಸ್ಕರಿಸಿತು. ಪ್ರಾಣಿಯ ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಇದೆ, ಕಳ್ಳತನ ಗಡ್ಡೆಯದು. 2013ರಲ್ಲಿ ಹ್ಯಾನಾ ಸಿಡ್ಲ್ ಮತ್ತು ಸಂಗಡಿಗರು ತೋರಿಸಿದಂತೆ ಈ ಕೋಶಗಳು ತಾವು ಯಾರವೆಂದು ಮೈಗೆ ತಿಳಿಸುವ, ಮೇಲ್ಮೈಯ ಎಂಎಚ್‌ಸಿ ಗುರುತುಗಳನ್ನು ಅಡಗಿಸಿಕೊಳ್ಳುತ್ತವೆ. ಆ ಗುರುತುಗಳ ಜೀನ್‌ಗಳು ನಾಶವಾಗಿಲ್ಲ, ದೀಪದಂತೆ ಆರಿಸಿಟ್ಟ ಸ್ಥಿತಿಯಲ್ಲಿವೆ. ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನು ತಾಗಿಸಿದರೆ ಗುರುತು ಮತ್ತೆ ಮೇಲೆ ಬರುತ್ತದೆ. ಲಸಿಕೆಯ ಆಸೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಗುರುತು ಮೇಲೆ ತಂದ ಗಡ್ಡೆಕೋಶಗಳನ್ನೇ ಚುಚ್ಚಿದಾಗ ಕೆಲವು ಡೆವಿಲ್‌ಗಳ ಗಡ್ಡೆ ಕರಗಿದ್ದೂ ಉಂಟು. ಕಾಡಿನಲ್ಲಿ ಒಂದೊಂದನ್ನೂ ಹಿಡಿದು ಸೂಜಿ ಹಾಕಲಾಗದು ತಾನೇ? ಅದಕ್ಕೆ ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ಮೆಂಜೀಸ್ ಸಂಸ್ಥೆಯವರು ತಿನ್ನುವ ತುತ್ತಿನಲ್ಲೇ ಲಸಿಕೆ ಇಡುವ ದಾರಿ ಹುಡುಕುತ್ತಿದ್ದಾರೆ. ಯುರೋಪಿನ ನರಿಗಳ ರೇಬೀಸ್ ಹತೋಟಿಗೆ ತಂದ ದಾರಿಯೇ ಅದು.

ನನ್ನನ್ನು ಹೆಚ್ಚು ಕಾಡಿದ್ದು ರಾಡ್ರಿಗೊ ಹಮೀಡೆ ತಂಡದ ಒಂದು ಶೋಧ. ಹೆಚ್ಚು ಕಚ್ಚಿಸಿಕೊಂಡ ಡೆವಿಲ್‌ಗೆ ರೋಗ ಹೆಚ್ಚು ಬರಬೇಕು ತಾನೇ? ಹಾಗಲ್ಲ. ಗಾಯ ಕಡಿಮೆ ಇದ್ದವುಗಳಿಗೇ ಹೆಚ್ಚಾಗಿ ಬರುತ್ತಿತ್ತು. ಎದುರಾಳಿಯ ಮುಖದ ಗಡ್ಡೆಗೆ ಬಾಯಿ ಹಾಕುವುದು ಜೋರಿನ ಪ್ರಾಣಿ, ಕೋಶ ಸೇರುವುದು ಅದರ ಬಾಯಿಗೆ. ಸಂಗಾತಿಗಾಗಿ, ಆಹಾರಕ್ಕಾಗಿ ಮುಂದೆ ನಿಂತು ಕಾದುವ ಗಟ್ಟಿ ಪ್ರಾಣಿಗಳೇ ಮೊದಲು ಹೋದವು.

ಗಡ್ಡೆ ಕಂಡ ಪ್ರಾಣಿಗಳನ್ನು ಹಿಡಿದು ತೆಗೆದುಬಿಡುವ ಪ್ರಯತ್ನ 2004ರಿಂದ 2010ರವರೆಗೆ ಫಾರೆಸ್ಟಿಯರ್ ಪರ್ಯಾಯದ್ವೀಪದಲ್ಲಿ ನಡೆಯಿತು. ರೋಗ ನಿಲ್ಲಲಿಲ್ಲ. ಬೇಲಿಯೊಳಗೆ ಆರೋಗ್ಯವಂತ ಡೆವಿಲ್‌ಗಳನ್ನು ಸಾಕಿ ತಳಿ ಉಳಿಸುವ ಕೆಲಸ ಚೆನ್ನಾಗಿ ನಡೆದಿದೆ, ಅದು ಬೇಕೇ ಬೇಕು. ಆದರೆ 2012 ಮತ್ತು 2013ರಲ್ಲಿ ಮರಿಯಾ ದ್ವೀಪಕ್ಕೆ ಒಟ್ಟು 28 ಡೆವಿಲ್‌ಗಳನ್ನು ಬಿಟ್ಟರಲ್ಲ, ಅವು ರೋಗವಿಲ್ಲದೆ ಬೆಳೆದು ಹೆಚ್ಚಿದವು. ಅಲ್ಲಿ ಗೂಡುಕಟ್ಟುತ್ತಿದ್ದ ಪುಟ್ಟ ಪೆಂಗ್ವಿನ್‌ಗಳು ಇಲ್ಲವಾದವು. 3,000 ಜೋಡಿ ಇದ್ದವು ಎಂದು ಪಕ್ಷಿಪ್ರಿಯರ ಲೆಕ್ಕ. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವದ ಮನೆಯನ್ನು ಬಳಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ ತಮ್ಮಾ, ಅದರ ಉದ್ದೇಶ ಎಷ್ಟು ಒಳ್ಳೆಯದಾಗಿದ್ದರೂ.

ಈಗ ನಿನಗೆ ನಿಜವಾಗಿ ಹೇಳಬೇಕಾದ್ದು. ರೋಗ ಹೊಕ್ಕ ಕಡೆಗಳಲ್ಲಿ ಡೆವಿಲ್‌ಗಳ ಸಂಖ್ಯೆ ಸುಮಾರು ಶೇಕಡ 80ರಷ್ಟು ಕುಸಿಯಿತು. 2008ರಲ್ಲಿ ಐಯುಸಿಎನ್ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಕಾಡಿನಿಂದ ಪೂರ್ತಿ ಮಾಯವಾಗುತ್ತದೆ ಎಂದೇ ಗಣಿತ ಹೇಳಿತ್ತು. ಮಾಯವಾಗಲಿಲ್ಲ. ಎರಡು ವರ್ಷ ವಯಸ್ಸಿಗೆ ಮೊದಲ ಮರಿ ಹಾಕುತ್ತಿದ್ದ ಹೆಣ್ಣುಗಳು ಒಂದೇ ವರ್ಷ ವಯಸ್ಸಿಗೆ ಹಾಕತೊಡಗಿದವು. ಕೆಲವು ಕಾಡುಡೆವಿಲ್‌ಗಳಲ್ಲಿ ಗಡ್ಡೆ ಯಾವ ಮದ್ದೂ ಇಲ್ಲದೆ ಕುಗ್ಗಿತು. ರೋಗಕ್ಕೆ ಮೊದಲು ಮತ್ತು ಆಮೇಲೆ ಸಂಗ್ರಹಿಸಿದ ಮಾದರಿಗಳನ್ನು ಹೋಲಿಸಿ, ನಾಲ್ಕಾರು ತಲೆಮಾರುಗಳಲ್ಲೇ ರೋಗನಿರೋಧಕ್ಕೆ ಸಂಬಂಧಿಸಿದ ಜೀನ್‌ಗಳಿರುವ ಭಾಗಗಳು ಬದಲಾಗಿವೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. 2020ರ ಅಧ್ಯಯನದ ಪ್ರಕಾರ ಮೊದಲು ಒಂದು ರೋಗಿಷ್ಠ ಪ್ರಾಣಿಯಿಂದ ಮೂರು ನಾಲ್ಕಕ್ಕೆ ಹರಡುತ್ತಿದ್ದುದು ಈಗ ಸರಾಸರಿ ಒಂದಕ್ಕೆ ಇಳಿದಿದೆ.

ಪ್ರಾಣಿ ತನ್ನ ದಾರಿ ತಾನೇ ಕಂಡುಕೊಳ್ಳುತ್ತಿದೆ. ಅದಕ್ಕೇ ರೋಗವನ್ನೇ ನೋಡಿರದ ಸಾಕಿದ ಡೆವಿಲ್‌ಗಳನ್ನು ಕಾಡಿಗೆ ಧಾರಾಳವಾಗಿ ಬಿಡುವುದು ಬೇಡ ಎನ್ನುವ ವಿಜ್ಞಾನಿಗಳ ಪಕ್ಷ ನನ್ನದು. ಉಳಿದ ಪ್ರಾಣಿಗಳು ಪ್ರಾಣ ತೆತ್ತು ಗಳಿಸಿದ ಶಕ್ತಿಯನ್ನು ನಾವು ತೆಳು ಮಾಡಬಾರದು. ಇದಕ್ಕೆ ಎದುರು ವಾದವೂ ಇದೆ: ಚಿಕ್ಕ ಗುಂಪುಗಳಲ್ಲಿ ರಕ್ತಸಂಬಂಧ ಹೆಚ್ಚಾಗಿ ಬೇರೆ ಕೇಡು ಬರುತ್ತದೆ ಎಂದು. ಅದನ್ನು ಗೌರವಿಸುತ್ತೇನೆ. ಎರಡರ ನಡುವೆ ತೀರ್ಮಾನ ಹೇಳಬೇಕಾದದ್ದು ಮತ್ತೆ ಕಾಡಿನ ಲೆಕ್ಕಪುಸ್ತಕವೇ: ವರ್ಷ ವರ್ಷ ಕೊಳವೆಬಲೆ ಇಟ್ಟು, ಸಿಕ್ಕ ಪ್ರಾಣಿಯ ಹಲ್ಲು, ಮುಖ, ಚೀಲ ನೋಡಿ, ಕಿವಿಯ ಚೂರು ತೆಗೆದು, ಬರೆದುಕೊಂಡು, ಬಿಟ್ಟುಬಿಡುವ ಕೆಲಸ. ಇಷ್ಟು ವರ್ಷ ಇವರು ಮಾಡುತ್ತಿದ್ದುದು ಇದನ್ನೇ. ರೋಗ ಬರುವ ಮೊದಲೇ ಯಾರೋ ತೆಗೆದಿಟ್ಟ ಚೂರುಗಳಿಲ್ಲದಿದ್ದರೆ 2016ರ ಆ ಸತ್ಯ ಯಾರಿಗೂ ತಿಳಿಯುತ್ತಿರಲಿಲ್ಲ.

ನಿನ್ನ ನಾಯಿಗಡ್ಡೆಯ ಚರಿತ್ರೆ ತಿಳಿದದ್ದೂ ಹೀಗೆಯೇ. ಇದೇ ಟ್ಯಾಸ್ಮೇನಿಯಾದಲ್ಲಿ ಬೆಳೆದ ಎಲಿಜಬೆತ್ ಮರ್ಚಿಸನ್ ಅವರ ತಂಡ ಹಲವು ದೇಶಗಳ 500ಕ್ಕೂ ಹೆಚ್ಚು ಗಡ್ಡೆಗಳನ್ನು ಓದಿ, ಅದು 4,000ರಿಂದ 8,500 ವರ್ಷಗಳ ಹಿಂದೆ ಏಷ್ಯಾದಲ್ಲಿ ಹುಟ್ಟಿತೆಂದು 2019ರಲ್ಲಿ ಹೇಳಿತು. ಮಾದರಿ ಕಳಿಸಿದವರು ನಿನ್ನಂಥ ಪಶುವೈದ್ಯರು. ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ಏನು ಸಂಶೋಧನೆ ಎಂದು ನೀನು ಕೊರಗುವುದು ನನಗೆ ಗೊತ್ತು. ಇನ್ನು ಮೇಲೆ ಗಡ್ಡೆ ಬಂದ ನಾಯಿಯ ವಯಸ್ಸು, ಊರು, ತಾರೀಖು ಬರೆದಿಡು. ಒಂದು ಚೂರನ್ನು ಸರಿಯಾಗಿ ಕಾಪಿಡು. ಮದ್ದಿಲ್ಲದೆ ತಾನಾಗಿ ಕರಗಿದ ಗಡ್ಡೆ ಕಂಡರೆ ಅದನ್ನಂತೂ ಬಿಡಲೇಬೇಡ, ಆ ದಿನವೇ ನನಗೆ ಬರೆ.

ನಿನ್ನ
ಅಕ್ಕ